ಕೀನ್ಯಾದ ಉಚಿತ ಪ್ರಾಥಮಿಕ ಶಿಕ್ಷಣ

ಪೂರ್ವ ಆಫ್ರಿಕಾದ ಕೀನ್ಯಾ 2003ರ ಜನವರಿಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಶುಲ್ಕವನ್ನು ರದ್ದುಪಡಿಸಿತು. ಮ್ವಾಯಿ ಕಿಬಾಕಿ ಅಧ್ಯಕ್ಷರಾಗಿ ಆಗ ಕೆಲವೇ ದಿನಗಳಾಗಿದ್ದವು. 2002ರಲ್ಲಿ ಸುಮಾರು 59 ಲಕ್ಷವಿದ್ದ ದಾಖಲಾತಿ ಒಂದೇ ವರ್ಷದಲ್ಲಿ 72 ಲಕ್ಷದ ಹತ್ತಿರ ಬಂತು.

ಈ ಪ್ರಯತ್ನ ಹೊಸದೇನಲ್ಲ. 1974ರಲ್ಲೇ ಮೊದಲ ನಾಲ್ಕು ತರಗತಿಗಳ ಶುಲ್ಕ ತೆಗೆದುಹಾಕಲಾಗಿತ್ತು. ಆದರೆ ಕಟ್ಟಡ ನಿಧಿಯ ಹೆಸರಿನಲ್ಲಿ ವಸೂಲಿ ಶುರುವಾಗಿ, ಬಡವರ ಮಕ್ಕಳು ಮತ್ತೆ ಮನೆಗೆ ಮರಳಿದ್ದರು.

ಈ ಬಾರಿ ಪ್ರತಿ ಮಗುವಿಗೆ ವರ್ಷಕ್ಕೆ 1,020 ಶಿಲ್ಲಿಂಗ್ ಅನುದಾನ ನಿಗದಿಯಾಯಿತು. ಪಠ್ಯಪುಸ್ತಕ, ನೋಟ್‌ಬುಕ್, ಪೆನ್ಸಿಲ್ ಅದರಲ್ಲೇ ಬಂದವು. ಸಮವಸ್ತ್ರದ ಖರ್ಚು ಹೆತ್ತವರದೇ.

ಬಾಗಿಲು ತೆರೆದದ್ದು ಮಕ್ಕಳಿಗಷ್ಟೇ ಅಲ್ಲ. 2004ರಲ್ಲಿ ಎಲ್ಡೊರೆಟ್‌ನ ಶಾಲೆಯೊಂದಕ್ಕೆ 84ರ ಹರೆಯದ ಕಿಮಾನಿ ಮರುಗೆ ಒಂದನೇ ತರಗತಿಗೆ ಸೇರಿದರು. ಬ್ರಿಟಿಷ್ ಆಡಳಿತದ ವಿರುದ್ಧದ ಮೌ ಮೌ ಹೋರಾಟದಲ್ಲಿದ್ದ ಈ ಅಜ್ಜ ಚಡ್ಡಿ, ಮೊಣಕಾಲುದ್ದದ ಕಾಲುಚೀಲ ತೊಟ್ಟು ಮೊಮ್ಮಕ್ಕಳ ವಯಸ್ಸಿನವರ ಪಕ್ಕ ಕೂತರು. ಬೈಬಲನ್ನು ತಾವೇ ಓದಬೇಕೆಂಬುದು ಅವರ ಆಸೆ. ಗಿನ್ನೆಸ್ ದಾಖಲೆಗೂ ಸೇರಿದ ಅವರ ಕಥೆ, ಶುಲ್ಕದಿಂದಾಗಿ ಎಷ್ಟು ತಲೆಮಾರುಗಳು ಅಕ್ಷರದಿಂದ ದೂರ ಉಳಿದಿದ್ದವೆಂಬುದನ್ನು ಯಾವ ಅಂಕಿಅಂಶಕ್ಕಿಂತಲೂ ಚೆನ್ನಾಗಿ ಹೇಳುತ್ತದೆ.

ಶಿಕ್ಷಕರ ಸಂಖ್ಯೆ ಮಾತ್ರ ಈ ವೇಗದಲ್ಲಿ ಏರಲಿಲ್ಲ. 1998ರಿಂದಲೇ ಹೊಸ ನೇಮಕಾತಿಗೆ ತಡೆ ಬಿದ್ದಿತ್ತು. ನೈರೋಬಿಯ ಕೊಳೆಗೇರಿಗಳ ಸುತ್ತಲಿನ ಕೆಲವು ತರಗತಿಗಳಲ್ಲಿ ನೂರರಷ್ಟು ಮಕ್ಕಳು ತುಂಬಿದರು. ಅನುಕೂಲವಿದ್ದ ಅನೇಕ ಹೆತ್ತವರು ಖಾಸಗಿ ಶಾಲೆಗಳತ್ತ ಹೊರಳಿದರು. ಗುಣಮಟ್ಟದ ಆತಂಕ ನಿಜವಾದದ್ದೇ. ಆದರೂ ಪ್ರಾಥಮಿಕ ಹಂತ ಮುಗಿಸಿದವರ ಸಂಖ್ಯೆ ಹೆಚ್ಚಿತು ಎಂಬುದೇ ಇಲ್ಲಿ ದೊಡ್ಡ ಲಾಭ.

2008ರಲ್ಲಿ ಸರ್ಕಾರಿ ಪ್ರೌಢಶಾಲೆಗಳ ಬೋಧನಾ ಶುಲ್ಕವನ್ನೂ ಸರ್ಕಾರವೇ ಭರಿಸತೊಡಗಿತು. ಊಟ, ವಸತಿಯ ವೆಚ್ಚ ಕುಟುಂಬಗಳ ಮೇಲೇ ಉಳಿಯಿತು.