ಕನ್ನಡಿಯ ದೋಷ ತೋರಿದ ಅಲಗು

ದೂರದರ್ಶಕದ ಚರಿತ್ರೆಯನ್ನು ಅದು ತೋರಿಸಿದ ಗ್ರಹ, ನಕ್ಷತ್ರಗಳ ಚರಿತ್ರೆಯೆಂದೇ ನಾವು ಓದಿಕೊಂಡು ಬಂದಿದ್ದೆವು. ಡೊಂಬಿವಲಿಯ ಫ್ಲ್ಯಾಟೊಂದರಲ್ಲಿ ಗೆಳೆಯರು ಕೂಡಿ ಆರು ಇಂಚಿನ ಗಾಜನ್ನು ಉಜ್ಜಲು ಕುಳಿತಾಗ, ತನ್ನ ತಪ್ಪನ್ನು ತಾನೇ ಕಂಡುಕೊಳ್ಳಲು ಮನುಷ್ಯ ಕಲಿತ ಚರಿತ್ರೆಯೂ ಅದರಲ್ಲಿದೆಯೆಂಬುದು ಮನವರಿಕೆಯಾಯಿತು.

ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡದ್ದು ತಾನೇ ತಯಾರಿಸಿದ, ಆರು ಇಂಚಿಗೆ ತುಸು ಮಿಗಿಲಾದ ಕನ್ನಡಿಯಿಂದ. ತಾಮ್ರ ಮತ್ತು ತವರದ ಮಿಶ್ರಲೋಹದ ಇಂಥ ಕನ್ನಡಿಗಳಿಗೆ ಹೊಳಪು ಕೊಡುವಾಗ ಕೈ ಬಿಡುವಂತಿರಲಿಲ್ಲ. ತಂಗಿ ಕ್ಯಾರೊಲಿನ್ ಅವನ ಬಾಯಿಗೆ ತುತ್ತಿಡುತ್ತಿದ್ದಳು. ಆದರೆ ಎಲ್ಲಿ, ಎಷ್ಟು ದೋಷವಿದೆಯೆಂದು ಕಾರ್ಯಾಗಾರದಲ್ಲೇ ಅರಿಯುವ ಸರಳ ಉಪಾಯ ಆಗ ಇರಲಿಲ್ಲ. ಕನ್ನಡಿಯನ್ನು ನಳಿಗೆಯಲ್ಲಿ ಕೂರಿಸಿ ನೋಡಿಯೇ ತಿಳಿಯಬೇಕಿತ್ತು.

ಆ ಉಪಾಯವನ್ನು 1858ರಲ್ಲಿ ಕೊಟ್ಟವನು ಪ್ಯಾರಿಸ್ಸಿನ ಲಿಯೋನ್ ಫೂಕೊ. ಕನ್ನಡಿಯ ವಕ್ರತಾಕೇಂದ್ರದಲ್ಲಿ ಸೂಜಿಮೊನೆಯಷ್ಟು ಬೆಳಕನ್ನಿಟ್ಟು, ಮರಳಿ ಬರುವ ಕಿರಣಗಳಿಗೆ ಅಲಗಿನ ಅಂಚನ್ನು ಮೆಲ್ಲನೆ ಅಡ್ಡ ತರಬೇಕು. ಮೈ ನಿರ್ದುಷ್ಟ ಗೋಳಾಕಾರದಲ್ಲಿದ್ದರೆ ಕನ್ನಡಿಯಿಡೀ ಒಮ್ಮೆಲೇ ಮಬ್ಬಾಗುತ್ತದೆ. ಉಬ್ಬುತಗ್ಗುಗಳಿದ್ದರೆ ನೆರಳುಗಳಾಗಿ ತೋರುತ್ತವೆ. ಇದಕ್ಕೆ ಒಂದು ದೀಪ, ಒಂದು ಬ್ಲೇಡು ಸಾಕು. 1920ರ ದಶಕದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ಕಾರ್ಖಾನೆಯ ನೌಕರರಿಗೆ ರಸೆಲ್ ಪೋರ್ಟರ್ ಕನ್ನಡಿ ಉಜ್ಜಲು ಕಲಿಸಿದ ಮೇಲೆ, ಈ ವಿದ್ಯೆ ಹವ್ಯಾಸಿಗಳ ಕೈಗೂ ಬಂತು.

ನಮ್ಮ ಕನ್ನಡಿಯ ವ್ಯಾಸ 150 ಮಿ.ಮೀ., ನಾಭಿದೂರ 1200 ಮಿ.ಮೀ. ಕಾರ್ಬೊರಂಡಮ್ ಪುಡಿಯಿಂದ ಕೊರೆಯಬೇಕಾದ ನಡುವಿನ ಆಳ 1.17 ಮಿ.ಮೀ. ಮಾತ್ರ. ದೂರದರ್ಶಕಕ್ಕೆ ಬೇಕಾದ ಪರವಲಯಕ್ಕೂ ಗೋಳಕ್ಕೂ ಅಂಚಿನಲ್ಲಿರುವ ಅಂತರವಂತೂ 0.0003 ಮಿ.ಮೀ.ಗಿಂತ ಕಡಿಮೆ. ಇಂಥ ಅಂತರವನ್ನು ಬೆರಳು ಅರಿಯದು, ಅಲಗು ಅರಿಯುತ್ತದೆ.

ಆದರೆ ಅಲಗು ತೋರಿದ್ದನ್ನು ಓದುವವರಿಗೆ ತಾಳ್ಮೆ ಬೇಕು. ಹೊಳಪು ಕೊಟ್ಟ ಬಿಸಿ ಆರುವ ಮುನ್ನವೇ ನಾವು ಪರೀಕ್ಷೆಗೆ ಕುಳಿತು, ನಡುವೆ ದಿಬ್ಬವಿದೆಯೆಂದು ಬಗೆದು ಅದನ್ನು ಸವೆಸಿದೆವು. ಮರುದಿನ ತಣ್ಣಗಾದ ಗಾಜಿನಲ್ಲಿ ಅದೇ ಜಾಗದಲ್ಲಿ ಹಳ್ಳವಿತ್ತು! ಇಲ್ಲದ ತಪ್ಪನ್ನು ತಿದ್ದಹೋಗಿ ನಿಜವಾದ ತಪ್ಪನ್ನು ಮಾಡಿದ್ದೆವು. ವಾರಗಟ್ಟಲೆಯ ದುಡಿಮೆ ವ್ಯರ್ಥವಾಯಿತು.

ಕನ್ನಡ ನಾಡಿಗೂ ಈ ವಿದ್ಯೆ ಹೊಸದಲ್ಲ. 1986ರಲ್ಲಿ ಉದ್ಘಾಟನೆಯಾದ ಕಾವಲೂರಿನ ವೈನು ಬಾಪು ದೂರದರ್ಶಕದ 2.34 ಮೀಟರ್ ಕನ್ನಡಿ ರೂಪುಗೊಂಡದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಅದನ್ನು ಯೋಜಿಸಿದ ಬಾಪು ಅವರು 1982ರಲ್ಲೇ ತೀರಿಕೊಂಡಿದ್ದರು. ಅವರಿಗೆ ದೊರೆಯದ ನೋಟವನ್ನು ನೆನೆದಾಗ ನಮ್ಮ ಆತುರಕ್ಕೆ ನಾವೇ ನಾಚಿದೆವು.

ಗಾಜನ್ನು ಮತ್ತೆ ಉಜ್ಜಿದೆವು. ಈ ಸಲ ರಾತ್ರಿಯಿಡೀ ಆರಲು ಬಿಟ್ಟು, ಮರುರಾತ್ರಿ ಕೊನೆಯ ಲೋಕಲ್ ಹಾದುಹೋಗಿ ನೆಲದ ಕಂಪನ ನಿಂತ ಮೇಲೆ ಫ್ಯಾನು ಆರಿಸಿ ಕುಳಿತೆವು. ಅಲಗು ಸರಿಯಿತು. ಕನ್ನಡಿಯಿಡೀ ಒಮ್ಮೆಲೇ ಮಬ್ಬಾಯಿತು.