ಘನ ಶಾರೀರ, ಎಳೆಯ ವಯಸ್ಸು: ಯುವ ಡ್ರಮ್ಯಾಟಿಕ್ ಸೊಪ್ರಾನೊಗಳ ಪಾತ್ರಗಳ ಆಯ್ಕೆ

ಪಾಶ್ಚಾತ್ಯ ಒಪೆರಾ ಪರಂಪರೆಯಲ್ಲಿ ಸ್ತ್ರೀಕಂಠದ ಅತ್ಯುಚ್ಚ ಶ್ರೇಣಿಗೆ ಸೊಪ್ರಾನೊ ಎಂದು ಹೆಸರು. ಅದರಲ್ಲಿಯೂ ತುಂಬು ವಾದ್ಯವೃಂದವನ್ನು ಮೀರಿ ಕೇಳಿಸಬಲ್ಲ ಘನವಾದ ಶಾರೀರವೇ ಡ್ರಮ್ಯಾಟಿಕ್ ಸೊಪ್ರಾನೊ. ಇಂತಹ ಶಾರೀರದ ಗಾತ್ರ ಇಪ್ಪತ್ತರ ಹರೆಯದಲ್ಲಿಯೇ ಪ್ರಕಟವಾಗಬಹುದು. ಅದನ್ನು ಧರಿಸುವ ಉಸಿರಿನ ಬಲ ಮತ್ತು ಮಧ್ಯಸ್ಥಾಯಿಯ ದೃಢತೆ ತಡವಾಗಿ ಪಕ್ವಗೊಳ್ಳುತ್ತವೆ. ಈ ನಡುವಣ ಅವಧಿಯಲ್ಲಿ ಯಾವ ಪಾತ್ರಗಳನ್ನು ಹಾಡಬೇಕೆಂಬ ಪ್ರಶ್ನೆಯನ್ನು 20ನೆಯ ಶತಮಾನದ ಮೂವರು ಗಾಯಕಿಯರ ವೃತ್ತಿಜೀವನದ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ (1895–1962) 1913ರಲ್ಲಿ ‘ಟೀಫ್‌ಲಾಂಡ್’ ಒಪೆರಾದ ನೂರಿ ಎಂಬ ಬಾಲೆಯ ಪಾತ್ರದ ಮೂಲಕ ರಂಗಪ್ರವೇಶ ಮಾಡಿದರು. ಅನಂತರದ ವರ್ಷಗಳಲ್ಲಿ ಅವರಿಗೆ ದೊರೆತವು ಬಹುಪಾಲು ಅಪೆರೆಟಾಗಳು ಹಾಗೂ ಹಗುರ ಪಾತ್ರಗಳು. ವಾಗ್ನರ್‌ನ ಇಸೋಲ್ಡೆಯನ್ನು ಅವರು ಮೊದಲು ಹಾಡಿದ್ದು 1932ರಲ್ಲಿ, 36ರ ವಯಸ್ಸಿನಲ್ಲಿ. 1935ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಕಂಡದ್ದು ಹೀಗೆ ಎರಡು ದಶಕ ಮಾಗಿದ ಶಾರೀರವನ್ನು.

ಆದರೆ ವಯಸ್ಸೊಂದೇ ಮಾನದಂಡವಲ್ಲ. ಸ್ವೀಡನ್ನಿನ ಬಿರ್ಗಿಟ್ ನಿಲ್ಸನ್ (1918–2005) 1946ರಲ್ಲಿ ವೇಬರ್‌ನ ಅಗಾಥೆಯಾಗಿ ಹಾಡಿ, ಮರುವರ್ಷವೇ ವೆರ್ಡಿಯ ಲೇಡಿ ಮ್ಯಾಕ್‌ಬೆತ್ ಆದರು. ಅದು ಉಗ್ರವಾದ ಪಾತ್ರವಾದರೂ ದೃಶ್ಯಗಳ ನಡುವೆ ಬಿಡುವುಂಟು. ಒಂದು ಗಂಟೆಗೂ ಮಿಗಿಲಾದ ಮೊದಲ ಅಂಕದುದ್ದಕ್ಕೂ ಬಹುತೇಕ ರಂಗದ ಮೇಲೆಯೇ ಇರಬೇಕಾದ ಇಸೋಲ್ಡೆಯನ್ನು ಅವರು ಕೈಗೆತ್ತಿಕೊಂಡದ್ದು 1953ರಲ್ಲಿ. ನಡುವೆ 1951ರಲ್ಲಿ ಗ್ಲೈಂಡ್‌ಬೋರ್ನ್‌ನಲ್ಲಿ ಮೊಟ್ಸಾರ್ಟ್‌ನ ಎಲೆಟ್ರಾ ಪಾತ್ರವಿತ್ತು. ಅವರು 1984ರವರೆಗೂ ಹಾಡಿದರು.

ಇದಕ್ಕೆ ವ್ಯತಿರಿಕ್ತವಾದುದು ಗ್ರೀಸಿನಲ್ಲಿ ಜನಿಸಿದ ಎಲೆನಾ ಸುಲಿಯೋಟಿಸ್ (1943–2004) ಅವರ ಹಾದಿ. 1964ರಲ್ಲಿ ನೇಪಲ್ಸ್‌ನಲ್ಲಿ ಸಾಂತುಜ್ಜಾ ಆಗಿ ರಂಗವೇರಿದ ಅವರು, 1965ರಲ್ಲಿ, 22ರ ವಯಸ್ಸಿನಲ್ಲಿ, ವೆರ್ಡಿಯ ‘ನಬುಕ್ಕೊ’ದ ಅಬಿಗೈಲೆಯನ್ನು ಧ್ವನಿಮುದ್ರಿಸಿದರು. ತಾರಸ್ಥಾಯಿಯಿಂದ ಎರಡು ಸ್ಥಾಯಿಗಳಷ್ಟು ಕೆಳಕ್ಕೆ ಧುಮುಕಬೇಕಾದ ಪಾತ್ರವದು. ಮರುವರ್ಷ ಮಿಲಾನಿನ ಲಾ ಸ್ಕಾಲಾದಲ್ಲಿಯೂ ಅದೇ ಪಾತ್ರ, ಬೆನ್ನಿಗೇ ನೋರ್ಮಾ. 1970ರ ದಶಕದ ಆರಂಭಕ್ಕೆ ಶಾರೀರ ಸವೆದಿತ್ತು. ಇದಕ್ಕೆ ಪಾತ್ರಗಳೇ ಏಕೈಕ ಕಾರಣವೆಂದು ನಿರ್ಣಯಿಸಲಾಗದು. ಗಾಯನವಿಧಾನವೂ ಕಾರ್ಯಕ್ರಮಗಳ ಒತ್ತಡವೂ ಪರಿಗಣನಾರ್ಹ. ಆದರೂ ಚೇತರಿಕೆಗೆ ಎಡೆಯಿಲ್ಲದ ಕ್ರಮವನ್ನು ಅಲಕ್ಷಿಸುವಂತಿಲ್ಲ.

ಹೀಗಾಗಿ ಪಾತ್ರದ ಕೀರ್ತಿಗಿಂತ ಅದರ ರಚನೆ ಮುಖ್ಯವಾಗುತ್ತದೆ: ಅದರ ದೈರ್ಘ್ಯ, ನಡುವಿನ ವಿಶ್ರಾಂತಿ, ವಾದ್ಯವೃಂದದ ಸಾಂದ್ರತೆ, ಸ್ವರಗಳು ನೆಲೆನಿಲ್ಲುವ ಸ್ಥಾಯಿ. ಅಗಾಥೆ, ಎಲೆಟ್ರಾಗಳಂತಹ ಪಾತ್ರಗಳು ಘನ ಶಾರೀರವನ್ನು ಕುಗ್ಗಿಸದೆ, ದಣಿಸದೆ ಬೆಳೆಸುತ್ತವೆ. ಶಾರೀರವು ಏನನ್ನು ಹಾಡಬಲ್ಲದು ಎಂಬುದಕ್ಕಿಂತ, ಹಾಡಿದ ಮರುದಿನ ಹೇಗಿರುತ್ತದೆ ಎಂಬುದೇ ಆಯ್ಕೆಯ ನಿಜವಾದ ಒರೆಗಲ್ಲು.