ಪೆಟ್ರೋಲ್ ಟ್ಯಾಂಕ್, ಲಿಥಿಯಂ ಬ್ಯಾಟರಿ: ಬೆಂಕಿಯ ಅಪಾಯ ಯಾವುದರಲ್ಲಿ ಹೆಚ್ಚು?

2024ರ ನವೆಂಬರ್‌ನಲ್ಲಿ ಬೆಂಗಳೂರಿನ ರಾಜಾಜಿನಗರದ ವಿದ್ಯುತ್ ಸ್ಕೂಟರ್ ಮಳಿಗೆಯೊಂದು ಹೊತ್ತಿ ಉರಿದು ಯುವತಿಯೊಬ್ಬರು ಮೃತಪಟ್ಟರು. 2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದ್‌ನಲ್ಲಿ ಇಂಥದೇ ಮಳಿಗೆಯಿಂದ ಎದ್ದ ಹೊಗೆ ಅದೇ ಕಟ್ಟಡದ ವಸತಿಗೃಹವನ್ನು ಆವರಿಸಿ ಎಂಟು ಮಂದಿಯನ್ನು ಬಲಿ ತೆಗೆದುಕೊಂಡಿತ್ತು. ಹೀಗಿರುವಾಗ ವಿದ್ಯುತ್ ವಾಹನ ಪೆಟ್ರೋಲ್ ವಾಹನಕ್ಕಿಂತ ಅಪಾಯಕಾರಿಯೇ ಎಂಬ ಪ್ರಶ್ನೆ ಏಳುವುದು ಸಹಜ. ಎರಡೂ ಶಕ್ತಿಯ ಭಂಡಾರಗಳೇ. ಆದರೆ ಅವು ಉರಿಯುವ ಬಗೆ ಬೇರೆ.

ಪೆಟ್ರೋಲ್‌ನ ಸ್ವಭಾವ: ಇಲ್ಲಿ ಉರಿಯುವುದು ದ್ರವವಲ್ಲ, ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಹೊಮ್ಮುತ್ತದೆ. ಗಾಳಿಯಲ್ಲಿ ಆವಿಯ ಪ್ರಮಾಣ ಶೇಕಡ 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿ ಸಾಕು. ಗಾಳಿಗಿಂತ ಭಾರವಾದ ಈ ಆವಿ ನೆಲಮಟ್ಟದಲ್ಲಿ ಹರಿದು ದೂರದ ಕಿಡಿಯನ್ನೂ ತಲುಪಬಲ್ಲದು. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಕಿಲೋವಾಟ್ ಗಂಟೆ ಶಕ್ತಿ ಅಡಗಿದೆ. ಅಂದರೆ 40 ಲೀಟರ್ ಟ್ಯಾಂಕ್‌ನಲ್ಲಿ ಇರುವುದು 60 ಕಿಲೋವಾಟ್ ಗಂಟೆಯ ಕಾರ್ ಬ್ಯಾಟರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಆದರೆ ನೊರೆ ಹೊದಿಸಿ ಗಾಳಿಯ ಸಂಪರ್ಕ ತಪ್ಪಿಸಿದರೆ ಈ ಬೆಂಕಿ ಅಡಗುತ್ತದೆ.

ಬ್ಯಾಟರಿಯ ಸ್ವಭಾವ: ತಯಾರಿಕೆಯ ದೋಷ, ಪೆಟ್ಟು ಅಥವಾ ಅತಿಯಾದ ಚಾರ್ಜಿಂಗ್‌ನಿಂದ ಸೆಲ್‌ನೊಳಗೆ ಶಾರ್ಟ್ ಸರ್ಕ್ಯೂಟ್ ಆಗಬಹುದು. ಶಾಖ ಸುಮಾರು 130 ಡಿಗ್ರಿ ತಲುಪಿದಾಗ ಒಳಗಿನ ಪ್ಲಾಸ್ಟಿಕ್ ಪರದೆ ಕರಗತೊಡಗುತ್ತದೆ. ಶಾಖ ಇನ್ನೂ ಏರಿದರೆ ಧನಾಗ್ರದ ರಾಸಾಯನಿಕವೇ ಆಮ್ಲಜನಕ ಬಿಡುಗಡೆ ಮಾಡುತ್ತದೆ. ಒಂದು ಸೆಲ್‌ನ ಶಾಖ ಪಕ್ಕದ ಸೆಲ್‌ಗೆ ಹರಡುತ್ತದೆ. ಇದನ್ನೇ ‘ಥರ್ಮಲ್ ರನ್‌ಅವೇ’ ಎನ್ನುವರು. ಹೊಗೆಯಲ್ಲಿ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಫ್ಲೋರೈಡ್‌ನಂಥ ಅನಿಲಗಳಿರುತ್ತವೆ. ಕಾರ್ ಬ್ಯಾಟರಿ ತಣಿಸಲು ಹತ್ತಾರು ಸಾವಿರ ಲೀಟರ್ ನೀರು ಬೇಕಾದೀತು. ಆರಿದ ಬೆಂಕಿ ಗಂಟೆಗಳ, ಕೆಲವೊಮ್ಮೆ ದಿನಗಳ ಬಳಿಕ ಮರುಕಳಿಸಬಹುದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಹೆಚ್ಚು ಶಾಖ ತಡೆಯುತ್ತವಾದರೂ ಅಪಾಯದಿಂದ ಪೂರ್ಣ ಮುಕ್ತವಲ್ಲ.

ಅಂಕಿ ಅಂಶ: ಸ್ವೀಡನ್ನಿನ ನಾಗರಿಕ ರಕ್ಷಣಾ ಸಂಸ್ಥೆಯ ಪ್ರಕಾರ 2022ರಲ್ಲಿ ಪ್ರತಿ ಒಂದು ಲಕ್ಷ ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ 3.8 ಬೆಂಕಿ ಪ್ರಕರಣ ದಾಖಲಾದವು. ಎಲ್ಲ ಇಂಧನದ ಕಾರುಗಳನ್ನು ಪರಿಗಣಿಸಿದಾಗ ಈ ಸಂಖ್ಯೆ 68. ಆದರೆ ಇದರಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯೂ ಸೇರಿದೆ. ವಿದ್ಯುತ್ ಕಾರುಗಳು ಬಹುತೇಕ ಹೊಸವು ಎಂಬುದೂ ಗಮನಾರ್ಹ. ನಮ್ಮ ಮನೆಗಳ ಪಡಸಾಲೆಯಲ್ಲಿ ಚಾರ್ಜ್ ಆಗುವ ಸ್ಕೂಟರ್‌ಗೆ ಈ ಲೆಕ್ಕವನ್ನು ನೇರವಾಗಿ ಅನ್ವಯಿಸಲಾಗದು. 2022ರ ಸರಣಿ ಅವಘಡಗಳ ನಂತರ ಭಾರತದಲ್ಲಿ ದ್ವಿಚಕ್ರ ವಾಹನಗಳ ಬ್ಯಾಟರಿಗೆ ಎಐಎಸ್-156 ಮಾನದಂಡ ಬಿಗಿಗೊಂಡು, ಎರಡು ಹಂತಗಳಲ್ಲಿ ಜಾರಿಗೆ ಬಂದಿತು.

ಎಚ್ಚರಿಕೆ: ಬಾಗಿಲು ಅಥವಾ ಮೆಟ್ಟಿಲ ಬಳಿ, ಮನೆಯವರೆಲ್ಲ ಮಲಗಿರುವಾಗ ಚಾರ್ಜ್ ಮಾಡಬಾರದು, ಬೆಂಕಿ ಬಿದ್ದರೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ವಾಹನದೊಂದಿಗೆ ಬಂದ ಚಾರ್ಜರ್ ಅನ್ನೇ ಬಳಸಬೇಕು. ಉಬ್ಬಿದ, ಪೆಟ್ಟು ತಿಂದ, ನೆರೆನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಪರೀಕ್ಷೆಯಾಗದೆ ಚಾರ್ಜ್ ಮಾಡುವುದು ಸಲ್ಲದು. ಹೊಗೆ ಕಂಡೊಡನೆ ಆರಿಸಲು ನಿಲ್ಲದೆ ಹೊರಬಂದು 112ಕ್ಕೆ ಕರೆ ಮಾಡಬೇಕು. ಹಾಗೆಯೇ ಮನೆಯಲ್ಲಿ ಬಾಟಲಿಗಳಲ್ಲಿ ಪೆಟ್ರೋಲ್ ಇಡುವುದನ್ನೂ ಬಿಡಬೇಕು.

ಪೆಟ್ರೋಲ್ ಬೇಗ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಬೇಗ ಆರುವುದಿಲ್ಲ. ಒಂದಕ್ಕೆ ಕಲಿತ ಎಚ್ಚರ ಇನ್ನೊಂದಕ್ಕೆ ಸಾಲದು.